ಬೈಕ್ ರೇಡಿಯೇಟರಿಗೆ ಅರಿಶಿನ ಬೇಡ, ಲೀಕ್ ಇರುವ ಜಾಗ ಹುಡುಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹಳೆಯ ಬೈಕುಗಳ ಆರೈಕೆ ಕುರಿತು ಬಂದ ಬರಹ ಉಪಯುಕ್ತವಾಗಿತ್ತು, ಒಂದು ಪ್ಯಾರಾ ಬಿಟ್ಟು. ಇಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್ ಪದೇ ಪದೇ ಇಳಿಯುತ್ತಿದ್ದರೆ ಆಗಾಗ ನೀರು ತುಂಬಿಸುತ್ತಿರಿ, ಲೀಕ್ ಚಿಕ್ಕದಾದರೆ ರೇಡಿಯೇಟರಿಗೆ ಒಂದು ಚಮಚ ಅರಿಶಿನ ಹಾಕಿ ಎಂದು ಅಲ್ಲಿ ಬರೆದಿದೆ. ಇವೆರಡನ್ನೂ ನಂಬಿ ನಡೆದರೆ ಒಂದು ಕ್ಲಿಪ್ಪಿನಲ್ಲೋ ಸೀಲಿನಲ್ಲೋ ಮುಗಿಯಬೇಕಾದ ಕೆಲಸ ಇಂಜಿನ್ ಬಿಚ್ಚುವ ತನಕ ಹೋಗುತ್ತದೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಅರಿಶಿನದ ಉಪಾಯ ಲಾರಿ ಚಾಲಕರಿಂದ ಬಂದದ್ದು. ಹಿಂದಿನ ಲಾರಿಗಳ ರೇಡಿಯೇಟರ್ ತಾಮ್ರ, ಹಿತ್ತಾಳೆಯದು. ಕೊಳವೆ ಅಗಲ, ಹಿಡಿಯುವ ನೀರೂ ಹೆಚ್ಚು. ಪುಡಿ ನೀರಿನಲ್ಲಿ ಉಬ್ಬಿ ಸಣ್ಣ ತೂತಿನಲ್ಲಿ ಕೂರುತ್ತಿತ್ತು, ಗಾಡಿ ಊರು ಮುಟ್ಟುತ್ತಿತ್ತು. ಬೈಕಿನ ರೇಡಿಯೇಟರ್ ಅಲ್ಯೂಮಿನಿಯಮ್ಮಿನದು. ಅದರ ಚಪ್ಪಟೆ ಕೊಳವೆಗಳ ಒಳಸಂದು ಒಂದೆರಡು ಮಿಲಿಮೀಟರ್ ಮಾತ್ರ, ಒಟ್ಟು ಕೂಲಂಟ್ ಒಂದು ಲೀಟರಿನ ಆಸುಪಾಸು. ಅಲ್ಲಿಗೆ ಹಾಕಿದ ಪುಡಿ ಲೀಕ್ ಇರುವ ಜಾಗವನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕೊಳವೆಗಳಲ್ಲಿ, ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆಯುವ ಥರ್ಮೋಸ್ಟ್ಯಾಟಿನಲ್ಲಿ, ವಾಟರ್ ಪಂಪಿನ ಸೀಲಿನ ಮುಖದ ನಡುವೆ, ಎಲ್ಲೆಡೆ ಕೂರುತ್ತದೆ. ಬಾಟಲಿಯಲ್ಲಿ ಮಾರುವ ಸ್ಟಾಪ್-ಲೀಕ್ ದ್ರವಗಳ ಬಗ್ಗೆಯೂ ನಮ್ಮ ಅಭಿಪ್ರಾಯ ಇದೇ.

ಇಂಥ ಸಲಹೆ ಇನ್ನೂ ಓಡಾಡುವುದಕ್ಕೆ ಕಾರಣವಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಆಗಲಿ, ಆರ್‌ಎಕ್ಸ್ 100 ಆಗಲಿ, ಹಳೆಯ ಬುಲೆಟ್ ಆಗಲಿ, ಎಲ್ಲವೂ ಗಾಳಿಗೆ ತಣ್ಣಗಾಗುವ ಇಂಜಿನ್‌ಗಳು. ಅವುಗಳ ಮೇಲೆ ಕೈ ಪಳಗಿಸಿಕೊಂಡವರಿಗೆ ರೇಡಿಯೇಟರ್ ಎಂದರೆ ಲಾರಿಯದೇ. ರೇಡಿಯೇಟರ್ ಇರುವ ಬೈಕುಗಳಲ್ಲಿ ಯಮಹಾ ಆರ್15 ಬಂದದ್ದು 2008ರಲ್ಲಿ, ಸಿಬಿಆರ್ 250ಆರ್ 2011ರಲ್ಲಿ, ಡ್ಯೂಕ್ 200 ಮತ್ತು ಪಲ್ಸರ್ 200 ಎನ್‌ಎಸ್ 2012ರಲ್ಲಿ, ಡ್ಯೂಕ್ 390 ಮರುವರ್ಷ. ಆ ಮೊದಲ ಬೈಕುಗಳು ಈಗ ಮೂರನೆಯ, ನಾಲ್ಕನೆಯ ಕೈಗೆ ದಾಟಿವೆ. ಅವುಗಳ ರಬ್ಬರ್ ಭಾಗಗಳಿಗೆ ವಯಸ್ಸಾಗಿದೆ.

ಮೊದಲು ತಿಳಿಯಬೇಕಾದ್ದು: ಕೂಲಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ವ್ಯವಸ್ಥೆ ಸರಿಯಿದ್ದರೆ ತಿಂಗಳುಗಟ್ಟಲೆ ಮಟ್ಟ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರಿನ ಸಮಪಾಲು ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ 1.1 ಬಾರ್ ಒತ್ತಡ ಹಿಡಿದಿಟ್ಟರೆ ಆ ಮಟ್ಟ 125 ಡಿಗ್ರಿ ದಾಟುತ್ತದೆ. ಬರೀ ನೀರು ತುಂಬಿಸುತ್ತಾ ಹೋದಂತೆ ಕುದಿಯುವ ಮಟ್ಟ ಇಳಿಯುತ್ತದೆ, ತುಕ್ಕು ತಡೆಯುವ ರಾಸಾಯನಿಕವೂ ತೆಳುವಾಗುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರಾದರಂತೂ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಸೀಲಿನ ನುಣುಪು ಮುಖವನ್ನು ಉಜ್ಜಿ ಹಾಳುಮಾಡುವುದೂ ಅದೇ. ಅಂದರೆ ಲೀಕ್‌ಗೆ ಮದ್ದೆಂದು ಹಾಕಿದ ನೀರು ಮುಂದಿನ ಲೀಕ್‌ಗೆ ಬೀಜ ಬಿತ್ತುತ್ತದೆ.

ಕೆಲವು ಲೀಕ್‌ಗಳು ಕಣ್ಣಿಗೆ ಬೀಳದಿರುವುದಕ್ಕೆ ಕಾರಣಗಳಿವೆ. ಇಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಜಿನುಗುವ ಲೀಕ್ ಬೆಳಿಗ್ಗೆ ನೋಡಿದರೆ ಕಾಣುವುದಿಲ್ಲ. ಸೈಲೆನ್ಸರ್ ಬೆಂಡ್ ಪೈಪಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿ. ಸಿಗ್ನಲ್ಲಿನಲ್ಲಿ ನಿಂತಾಗ ಒಂಥರಾ ಸಿಹಿ ವಾಸನೆ ಬಂದರೆ ಅದೇ ಗುರುತು. ಓಡುವಾಗ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳುವುದರಿಂದ ಒದ್ದೆ ಕಂಡ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಬಿಸಿಯಲ್ಲಿ ರಬ್ಬರ್, ಲೋಹ ಎಲ್ಲ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ರಾತ್ರಿಯ ಚಳಿಗೆ ಕುಗ್ಗಿದಾಗ ತೊಟ್ಟಿಕ್ಕುತ್ತದೆ. ಗ್ಯಾರೇಜಿಗೆ ತರುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುವುದರಿಂದ ಮೆಕ್ಯಾನಿಕ್ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇಂಥ ಅನುಮಾನವಿದ್ದರೆ ಬೈಕನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟುಬಿಡಬೇಕು.

ಹುಡುಕಾಟ ಶುರುವಾಗಬೇಕಾದ್ದು ರೇಡಿಯೇಟರಿನ ಬಾಯಿಯಿಂದ, ರಿಸರ್ವ್ ಟ್ಯಾಂಕಿನಿಂದ (ಹೆಚ್ಚಾದ ಕೂಲಂಟ್ ಹೋಗಿ ನಿಲ್ಲುವ ಪುಟ್ಟ ಡಬ್ಬಿ) ಅಲ್ಲ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ನೋಡಿ. ಬಿಸಿಯಲ್ಲಿ ತೆಗೆದರೆ ಕುದಿಯುವ ಕೂಲಂಟ್ ಚಿಮ್ಮಿ ಮುಖ, ಕೈ ಸುಡುತ್ತದೆ, ಇದರಲ್ಲಿ ಚೌಕಾಸಿ ಇಲ್ಲ. ರಿಸರ್ವ್ ಟ್ಯಾಂಕಿನಲ್ಲಿ ಗುರುತಿನವರೆಗೆ ಕೂಲಂಟ್ ಇದ್ದು ರೇಡಿಯೇಟರ್ ಬಾಯಿಯಲ್ಲಿ ಮಟ್ಟ ಕೆಳಗಿಳಿದಿದ್ದರೆ ವಾಪಸ್ ಎಳೆದುಕೊಳ್ಳುವ ದಾರಿಯನ್ನು ಮೊದಲು ಶಂಕಿಸಬೇಕು. ಬಿಸಿಯಾದಾಗ ಹಿಗ್ಗಿದ ಕೂಲಂಟ್ ಕ್ಯಾಪ್ ದಾಟಿ ಟ್ಯಾಂಕಿಗೆ ಹೋಗುತ್ತದೆ, ತಣ್ಣಗಾದಾಗ ಕ್ಯಾಪಿನ ನಡುವಿನ ಪುಟ್ಟ ವ್ಯಾಕ್ಯೂಮ್ ವಾಲ್ವ್ ತೆರೆದು ಹಿಂದಕ್ಕೆ ಬರಬೇಕು. ಆ ವಾಲ್ವ್ ಅಂಟಿಕೊಂಡಿದ್ದರೆ, ಇಲ್ಲವೇ ಟ್ಯಾಂಕಿಗೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದ್ದರೆ ಕೂಲಂಟ್ ಬದಲು ಗಾಳಿ ಒಳಹೋಗುತ್ತದೆ, ಇಲ್ಲವೇ ಏನೂ ಹೋಗದೆ ಮೇಲಿನ ಹೋಸ್ ಒಳಕ್ಕೆ ಹಿಸುಕಿದಂತೆ ಚಪ್ಪಟೆಯಾಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ರೇಡಿಯೇಟರ್ ಬರಿದಾಗುವುದು ಹೀಗೆ. ಟ್ಯಾಂಕನ್ನು ಮಾತ್ರ ನೋಡಿಕೊಂಡು ಓಡಿಸುವವರು ಇದಕ್ಕೆ ಮೊದಲು ಬಲಿಯಾಗುತ್ತಾರೆ.

ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ಅದರ ಮೇಲೆ ರೇಡಿಯೇಟರ್ ಬಾಯಿಯ ಉಂಗುರದ ಅಚ್ಚು ಆಳವಾಗಿ ಮೂಡಿದ್ದರೆ ಹೊಸದು ಹಾಕಿ. ಹೊಸದರ ಮೇಲೆ ಒತ್ತಿದ ಸಂಖ್ಯೆ ಹಳೆಯದರದ್ದೇ ಇರಬೇಕು. ಗಾತ್ರ ಹೊಂದಿತೆಂದು ಬೇರೆ ಗಾಡಿಯ ಕ್ಯಾಪ್ ಹಾಕಬೇಡಿ: ಸ್ಪ್ರಿಂಗಿನ ಆಳ ಕಡಿಮೆಯಾದರೆ ಸರಿಯಾದ ಒತ್ತಡ ನಿಲ್ಲುವುದಿಲ್ಲ. ಬಾಯಿಯ ಒಳಅಂಚಿನ ಮೇಲೆ ಬೆರಳಾಡಿಸಿ. ಸ್ಕ್ರೂಡ್ರೈವರ್ ತಾಗಿದ ಗೀರು ಇದ್ದರೆ ಎಷ್ಟು ಹೊಸ ಕ್ಯಾಪ್ ಹಾಕಿದರೂ ಅಷ್ಟೇ.

ಇದು ಸರಿಯಿದ್ದರೆ ಹೊರಗಿನ ಹುಡುಕಾಟ. ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿ. ಇಂಜಿನ್ನಿನ ಮುಂಭಾಗ, ಪಂಪ್, ರೇಡಿಯೇಟರಿನ ಹಿಂಬದಿಯನ್ನು ತೊಳೆದು ಒಣಗಿಸಬೇಕು. ಆದರೆ ತೊಳೆಯುವ ಮೊದಲು ಟಾರ್ಚ್ ಹಿಡಿದು ಒಮ್ಮೆ ನೋಡಿ, ಯಾಕೆಂದರೆ ಹಳೆಯ ಲೀಕ್ ತನ್ನ ಗುರುತು ಬಿಟ್ಟಿರುತ್ತದೆ. ಕೂಲಂಟ್ ಒಣಗಿದ ಕಡೆ ಉಪ್ಪುಗಟ್ಟಿದಂಥ ಬಿಳಿ ಅಥವಾ ಹಸಿರು ಪುಡಿ ಉಳಿಯುತ್ತದೆ, ಆ ಕರೆ ಎಲ್ಲಿ ಶುರುವಾಗಿದೆಯೋ ಅದರ ತುತ್ತತುದಿಯನ್ನು ಗಮನಿಸಿ. ತೊಳೆದ ಮೇಲೆ ಈ ಸಾಕ್ಷ್ಯ ಹೋಗಿಬಿಡುತ್ತದೆ. ಒಣಗಿದ ಮೇಲೆ ಜಾಯಿಂಟುಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ. (ನಿಮ್ಮದನ್ನೇ ಹಾಸಬಹುದು ಎಂದರೆ ಬೇಸರಿಸಬೇಡಿ, ಬಿದ್ದ ಹನಿಯ ಬಣ್ಣ ನ್ಯೂಸ್‌ಪ್ರಿಂಟ್ ಮೇಲೆ ಚೆನ್ನಾಗಿ ಕಾಣುತ್ತದೆ.) ಒಂದು ಸಣ್ಣ ಹನಿಯೂ ಪೌಡರಿನಲ್ಲಿ ಗೆರೆ ಎಳೆಯುತ್ತದೆ. ಬಿದ್ದದ್ದು ಕೂಲಂಟೇ ಎಂದು ಖಚಿತಪಡಿಸಿಕೊಳ್ಳಿ: ಬೆರಳಿಗೆ ಜಾರುತ್ತದೆ, ಬಣ್ಣವಿರುತ್ತದೆ, ನೀರಿನಂತೆ ಬೇಗ ಆರಿ ಮಾಯವಾಗುವುದಿಲ್ಲ. ನಾಲಿಗೆಗೆ ಹಚ್ಚಿ ನೋಡುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಗ್ಲೈಕಾಲ್ ವಿಷ.

ಇಲ್ಲಿಂದ ಮುಂದೆ ಊಹೆ ಸಾಲದು, ಪ್ರೆಷರ್ ಟೆಸ್ಟರ್ ಬೇಕು. ಕ್ಯಾಪಿನ ಜಾಗದಲ್ಲಿ ಕೂರುವ, ಮೀಟರ್ ಇರುವ ಕೈಪಂಪ್ ಅದು. ಕಾರಿನ ಕಿಟ್ಟಿನಲ್ಲಿ ಬೈಕಿನ ಪುಟ್ಟ ಬಾಯಿಗೆ ಹೊಂದುವ ಅಡಾಪ್ಟರ್ ಇದೆಯೇ ಎಂದು ನೋಡಿಕೊಂಡು ಕೊಳ್ಳಬೇಕು. ತಣ್ಣನೆಯ ಇಂಜಿನ್, ರೇಡಿಯೇಟರ್ ಬಾಯಿಯವರೆಗೆ ಕೂಲಂಟ್. ಕ್ಯಾಪಿನ ಮೇಲೆ 1.1 ಎಂದಿದ್ದರೆ 1.1 ಬಾರ್, ಅಂದರೆ ಸುಮಾರು 16 ಪಿಎಸ್‌ಐ ತನಕ ಪಂಪ್ ಮಾಡಿ ನಿಲ್ಲಿಸಿ, ಅದಕ್ಕಿಂತ ಮೇಲೆ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ನೇರ ಗಾಳಿ ಬಿಡುವವರಿದ್ದಾರೆ. ಲೀಕ್ ಇಲ್ಲದ ರೇಡಿಯೇಟರಿಗೂ ಹಾಗೆ ಲೀಕ್ ಬರುತ್ತದೆ. ಮುಳ್ಳು ಹದಿನೈದು ಇಪ್ಪತ್ತು ನಿಮಿಷ ಅಲುಗದಿದ್ದರೆ ತಣ್ಣನೆಯ ಸ್ಥಿತಿಯಲ್ಲಿ ವ್ಯವಸ್ಥೆ ಗಟ್ಟಿ ಎಂದರ್ಥ. ಮುಳ್ಳು ಇಳಿದು ಹೊರಗೆ ಒದ್ದೆ ಕಂಡರೆ ಜಾಗ ಸಿಕ್ಕಿತು. ಮುಳ್ಳು ಇಳಿದೂ ಹೊರಗೆ ಎಲ್ಲೂ ಒದ್ದೆಯಿಲ್ಲದಿದ್ದರೆ ಮೊದಲು ಟೆಸ್ಟರಿನದೇ ರಬ್ಬರ್ ನೋಡಿ, ಆಮೇಲೆ ಇಂಜಿನ್ನಿನ ಒಳಗನ್ನು ಶಂಕಿಸಿ.

ತಣ್ಣಗಿದ್ದಾಗ ಪಾಸಾದದ್ದನ್ನು ಬಿಸಿಯಲ್ಲೂ ನೋಡಬೇಕು. ಕ್ಯಾಪ್ ಹಾಕಿ, ಫ್ಯಾನ್ ತಾನಾಗಿ ತಿರುಗುವವರೆಗೆ ಓಡಿಸಿ, ಇಂಜಿನ್ ನಿಲ್ಲಿಸಿ ಕಾಯಿರಿ. ಪಂಪ್ ನಿಂತ ಕೂಡಲೇ ಸಿಲಿಂಡರ್ ಹೆಡ್ಡಿನ ಕಾವು ಅಲ್ಲೇ ನಿಂತ ಕೂಲಂಟಿಗೆ ಇಳಿಯುತ್ತದೆ, ಒತ್ತಡ ಇನ್ನಷ್ಟು ಏರುತ್ತದೆ. ಮೊದಲ ಹತ್ತು ನಿಮಿಷ ಬೈಕಿನ ಪಕ್ಕದಿಂದ ಏಳಬೇಡಿ, ಬಹಳಷ್ಟು ಲೀಕ್ ಕೈಗೆ ಸಿಗುವುದು ಆಗಲೇ. ಅಷ್ಟಕ್ಕೂ ಸಿಗದಿದ್ದರೆ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಇದೆ. ಹಲವು ಹಸಿರು ಕೂಲಂಟ್‌ಗಳು ಆ ಬೆಳಕಿಗೆ ತಾವಾಗಿಯೇ ಹೊಳೆಯುತ್ತವೆ, ಆದ್ದರಿಂದ ಆ ಬೆಳಕಿಗೆ ಹೊಳೆಯುವ ಡೈ (ಬಣ್ಣ) ಕೊಳ್ಳುವ ಮುನ್ನ ಒಮ್ಮೆ ಕತ್ತಲಲ್ಲಿ ಟಾರ್ಚ್ ಹಾಯಿಸಿ ನೋಡಿ. ಹೊಳೆಯದಿದ್ದರೆ ಡೈ ಹಾಕಿ ಎರಡು ಮೂರು ದಿನ ಓಡಿಸಿ ನೋಡುವುದು.

ಹೋಸ್ ಪೈಪುಗಳ ವಿಷಯ. ಕೈಯಿಂದ ಅಮುಕಿದಾಗ ಕಟಕಟ ಎಂದು ಬಿಗಿಯಾಗಿದ್ದರೂ ಹೋಯಿತು, ಇಡ್ಲಿಯಷ್ಟು ಮೆತ್ತಗಿದ್ದರೂ ಹೋಯಿತು. ಕ್ಲಿಪ್ ಇರುವ ತುದಿಯಲ್ಲಿ ಲೀಕ್ ಕಂಡರೆ ಸ್ಕ್ರೂ ಇನ್ನಷ್ಟು ತಿರುಗಿಸುವುದು ಎಲ್ಲರ ಮೊದಲ ಕೆಲಸ. ಹಾಗೆ ಬಿಗಿದರೆ ಕ್ಲಿಪ್ ಪಟ್ಟಿಯ ಸಂದುಗಳು ರಬ್ಬರನ್ನು ಕೊಯ್ದು ಲೀಕ್ ದೊಡ್ಡದಾಗುತ್ತದೆ. ಹೋಸ್ ಬಿಚ್ಚಿ ಒಳಗಿನ ಅಲ್ಯೂಮಿನಿಯಂ ಕೊಳವೆಯನ್ನು ನೋಡಿ. ಅದರ ಮೇಲೆ ಹುಣ್ಣಿನಂತೆ ಬಿಳಿ ಸವಕಲು ಎದ್ದಿದ್ದರೆ ಹೊಸ ಹೋಸ್ ಹಾಕಿದರೂ ಅದರಡಿಯಿಂದ ಜಿನುಗುತ್ತದೆ. ನಯವಾದ ಎಮರಿ ಪೇಪರಿನಿಂದ ಸುತ್ತಲೂ ಉಜ್ಜಿ, ಗುಂಡಿ ಆಳವಿಲ್ಲದಿದ್ದರೆ ಹೊಸ ಹೋಸ್ ಹಾಕಬಹುದು. ಬೈಕಿಗೆ ಕಂಪನಿಯಿಂದ ಸ್ಪ್ರಿಂಗ್ ಕ್ಲಿಪ್ ಬಂದಿದ್ದರೆ ಅದನ್ನೇ ಉಳಿಸಿ. ರಬ್ಬರ್ ಕುಗ್ಗಿದಾಗ ಅದೂ ಜೊತೆಗೆ ಕುಗ್ಗುತ್ತದೆ, ಸ್ಕ್ರೂ ಕ್ಲಿಪ್ ಕುಗ್ಗುವುದಿಲ್ಲ. ಮೇಲೆ ಹೇಳಿದ ಚಳಿಯ ಲೀಕ್ ಎಷ್ಟೋ ಸಲ ಇದೇ. ಥರ್ಮೋಸ್ಟ್ಯಾಟ್ ಕವರಿನ ಓ-ರಿಂಗ್ ತೆಗೆದಾಗ ದುಂಡಗಿರದೆ ಚಪ್ಪಟೆಯಾಗಿದ್ದರೆ ಬದಲಿಸಿ, ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದು. ಇಲ್ಲಿನ 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು, ಅಲ್ಯೂಮಿನಿಯಂ ಮರೆ (ಥ್ರೆಡ್) ಕಿತ್ತುಬಂದರೆ ಬೇರೆಯೇ ರಗಳೆ.

ಹಳೆಯ ಬೈಕುಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ವಾಟರ್ ಪಂಪ್. ಹಲವು ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಅದು ಕ್ಲಚ್ ಕವರಿನಲ್ಲೇ ಕೂತಿರುತ್ತದೆ. ಶಾಫ್ಟಿನ ಒಂದು ತುದಿ ಇಂಜಿನ್ ಆಯಿಲಿನಲ್ಲಿ, ಇನ್ನೊಂದು ತುದಿಯ ಇಂಪೆಲ್ಲರ್ (ಕೂಲಂಟ್ ತಳ್ಳುವ ರೆಕ್ಕೆಚಕ್ರ) ಕೂಲಂಟಿನಲ್ಲಿ. ನಡುವೆ ಎರಡು ಕಾವಲು: ಕೂಲಂಟ್ ಬದಿಗೆ ಮೆಕ್ಯಾನಿಕಲ್ ಸೀಲ್, ಆಯಿಲ್ ಬದಿಗೆ ಆಯಿಲ್ ಸೀಲ್. ಇವೆರಡರ ನಡುವಿನ ಖಾಲಿ ಜಾಗದಿಂದ ಹೊರಕ್ಕೆ ಒಂದು ಪುಟ್ಟ ತೂತು ಬಿಟ್ಟಿರುತ್ತಾರೆ. ಅಲ್ಲಿಂದ ಕೂಲಂಟ್ ಒಸರಿದರೆ ಮೆಕ್ಯಾನಿಕಲ್ ಸೀಲ್ ಸವೆದಿದೆ, ಆಯಿಲ್ ಒಸರಿದರೆ ಆಯಿಲ್ ಸೀಲ್ ಹೋಗಿದೆ, ಎರಡೂ ಬಂದರೆ ಎರಡೂ ಹೋಗಿವೆ. ಹೊಸ ಸೀಲ್ ಹಾಕಿದ ಮೊದಲಲ್ಲಿ ಒಂದೆರಡು ಹನಿ ಬಂದು ನಿಂತರೆ ಚಿಂತೆಯಿಲ್ಲ.

ಈ ತೂತನ್ನೇ ಲೀಕ್ ಎಂದು ತಿಳಿದು ಎಂ-ಸೀಲ್ ಮೆತ್ತಿ ಮುಚ್ಚಿರುವ ಬೈಕುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ಹೊರಗೆ ದಾರಿ ಮುಚ್ಚಿದ ಕೂಲಂಟ್ ಆಯಿಲ್ ಸೀಲನ್ನು ದಾಟಿ ಇಂಜಿನ್ನಿನೊಳಗೆ ನುಗ್ಗುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟಿನ ಫ್ರಿಕ್ಷನ್ ಪದರ ಉಬ್ಬಿ ಕಳಚುತ್ತದೆ, ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಹಳೆಯ ಬೈಕ್ ಕೊಳ್ಳುವವರು ಪಂಪಿನ ಕೆಳಗೆ ಬಗ್ಗಿ ಆ ತೂತು ತೆರೆದಿದೆಯೇ ಎಂದು ನೋಡಲೇಬೇಕು.

ಸೀಲ್ ಬದಲಿಸಿದ ಮೇಲೂ ಮತ್ತೆ ಲೀಕ್ ಆಗುವುದಕ್ಕೆ ಕಾರಣ ಹೆಚ್ಚಾಗಿ ಮೂರರಲ್ಲೊಂದು. ಶಾಫ್ಟ್ ಮೇಲೆ ಆಯಿಲ್ ಸೀಲಿನ ತುಟಿ ಉಜ್ಜುವ ಕಡೆ ಉಗುರಿಗೆ ಸಿಗುವಂಥ ಗೀರು ಬಿದ್ದಿರುತ್ತದೆ. ಆಗ ಶಾಫ್ಟ್ ಕೂಡ ಬದಲಾಗಬೇಕು. ಶಾಫ್ಟ್ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಆಟ ಸಿಗುತ್ತಿದ್ದರೆ ಬೇರಿಂಗ್ ಸವೆದಿದೆ. ಅದರ ಮೇಲೆ ಹಾಕಿದ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ಮೂರನೆಯದು ಕೂರಿಸುವ ವಿಧಾನ. ಮೆಕ್ಯಾನಿಕಲ್ ಸೀಲನ್ನು ನಡುವೆ ಬಡಿದು ಕೂರಿಸಬಾರದು. ಅದರ ಹೊರ ಅಂಚಿನ ಮೇಲೆ ಮಾತ್ರ ಕೂರುವ ಸಾಕೆಟ್ ಇಟ್ಟು ನೇರವಾಗಿ ಒತ್ತಬೇಕು. ಕಾರ್ಬನ್ ಮತ್ತು ಸೆರಾಮಿಕ್ ಮುಖಗಳಿಗೆ ಗ್ರೀಸ್, ಆಯಿಲ್, ಬೆರಳಿನ ಜಿಡ್ಡು ತಾಗಬಾರದು. ಸ್ವಚ್ಛ ಬಟ್ಟೆಯಲ್ಲಿ ಒರೆಸಿ ಎರಡು ಹನಿ ಕೂಲಂಟ್ ಸವರಿದರೆ ಸಾಕು. ಆಯಿಲ್ ಸೀಲಿನ ತುಟಿಗಾದರೆ ಗ್ರೀಸ್ ಬೇಕೇ ಬೇಕು. ಎರಡಕ್ಕೂ ಒಂದೇ ಕೈಯಲ್ಲಿ ಗ್ರೀಸ್ ಬಳಿದುಬಿಡುವುದು ಗ್ಯಾರೇಜುಗಳಲ್ಲಿ ಮಾಮೂಲು.

ರೇಡಿಯೇಟರ್ ಬಗ್ಗೆ ಚುಟುಕಾಗಿ: ಮುಂದಿನ ಚಕ್ರ ಎಸೆಯುವ ಕಲ್ಲಿನ ಏಟು ಕೆಳಭಾಗದಲ್ಲಿ, ಪ್ಲಾಸ್ಟಿಕ್ ಟ್ಯಾಂಕ್ ಇರುವಂಥದ್ದರಲ್ಲಿ ಅಲ್ಯೂಮಿನಿಯಂ ಅಂಚು ಮಡಚಿ ಹಿಡಿದ ಗೆರೆಯುದ್ದಕ್ಕೆ, ಇವೇ ಸೋರುವ ಜಾಗಗಳು. ಹಿತ್ತಾಳೆ ರೇಡಿಯೇಟರಿಗೆ ಹಾಕುವ ಸೀಸದ ಬೆಸುಗೆ ಅಲ್ಯೂಮಿನಿಯಮ್ಮಿಗೆ ಹಿಡಿಯುವುದಿಲ್ಲ. ಟಿಗ್ ವೆಲ್ಡಿಂಗ್ ಬಲ್ಲವರಿದ್ದರೆ ಸರಿ, ಇಲ್ಲವಾದರೆ ಬದಲಿಸುವುದೇ ಅಗ್ಗ.

ಹೊರಗೆ ಏನೂ ಸಿಗದೆ ಕೂಲಂಟ್ ಇಳಿಯುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಹೆಡ್ಡಿನ ನಡುವಿನ ಸಂದು ಮುಚ್ಚುವ ಪದರ) ಸರದಿ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಹೊಗೆ ಬಿಳಿಯಾಗಿ ಬಂದು, ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬರುತ್ತಿದ್ದರೆ ಅನುಮಾನ ಬಲವಾಗುತ್ತದೆ. ರಿಸರ್ವ್ ಟ್ಯಾಂಕಿನ ಪೈಪನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸಿ ಇಂಜಿನ್ ಓಡಿಸಿ: ಒಳಗಿನ ಗಾಳಿ ಹೊರಬಿದ್ದ ಮೇಲೂ ರೇಸ್ ಕೊಟ್ಟಾಗಲೆಲ್ಲ ಗುಳ್ಳೆ ನಿಲ್ಲದೆ ಬಂದರೆ ಸಿಲಿಂಡರಿನ ಸುಟ್ಟ ಗಾಳಿ ಕೂಲಂಟಿಗೆ ಸೇರುತ್ತಿದೆ. ಇದನ್ನು ಖಚಿತಪಡಿಸುವ ನೀಲಿ ದ್ರವದ ಪರೀಕ್ಷೆಯೂ ಉಂಟು. ರೇಡಿಯೇಟರ್ ಬಾಯಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ರಾತ್ರಿಯಿಡೀ ಪ್ರೆಷರ್ ಹಾಕಿಟ್ಟು ಬೆಳಿಗ್ಗೆ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಒದ್ದೆ ಇದೆಯೇ ನೋಡುವುದು ಇನ್ನೊಂದು ದಾರಿ. ಹೆಡ್ ಬಿಚ್ಚಿದರೆ ಗ್ಯಾಸ್ಕೆಟ್ ಬದಲಿಸಿ ಸುಮ್ಮನಾಗಬೇಡಿ. ಒಮ್ಮೆ ಅತಿಯಾಗಿ ಕಾದ ಹೆಡ್ ಬಾಗಿರಬಹುದು. ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು, ಅಡಿಯ ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ಅಳೆದು, ಸರ್ವಿಸ್ ಮ್ಯಾನ್ಯುವಲ್ಲಿನ ಮಿತಿಗೆ ಹೋಲಿಸಬೇಕು.

ಮಲೆನಾಡಿನ, ಕರಾವಳಿಯ ಓದುಗರಿಗೆ ಒಂದು ಮಾತು. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಬೈಕಿನ ಆಯಿಲ್ ಕ್ಯಾಪಿನ ಒಳಗೆ ಕೆನೆಯಂಥ ಪದರ ಕಟ್ಟುತ್ತದೆ. ಅದು ಇಂಜಿನ್ ಪೂರ್ತಿ ಕಾಯದೆ ಉಳಿದ ತೇವ. ಅದನ್ನು ನೋಡಿ ಗ್ಯಾಸ್ಕೆಟ್ ಹೋಗಿದೆ ಎಂದು ಯಾರಾದರೂ ಹೆಡ್ ಬಿಚ್ಚಲು ಹೊರಟರೆ, ಕೆಳಗಿನಿಂದ ಬಸಿದ ಆಯಿಲ್ ಸ್ವಚ್ಛವಾಗಿದ್ದ ಪಕ್ಷದಲ್ಲಿ ತಡೆಯಿರಿ.

ರಿಪೇರಿಯಾದ ಮೇಲೆ ಕೂಲಂಟ್ ತುಂಬುವುದರಲ್ಲೂ ಎಡವುತ್ತಾರೆ. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯದನ್ನು ಬೆರೆಸಬೇಡಿ, ಕೆಲವು ಸೇರಿ ಲೋಳೆಗಟ್ಟುತ್ತವೆ. ಒಳಗೆ ಈಗಾಗಲೇ ಅರಿಶಿನವೋ ಸ್ಟಾಪ್-ಲೀಕೋ ಬಿದ್ದಿದ್ದರೆ ಡಿಸ್ಟಿಲ್ಡ್ ನೀರು ತುಂಬಿ ಬಿಸಿ ಮಾಡಿ ಬಸಿಯುವುದನ್ನು ನೀರು ತಿಳಿಯಾಗಿ ಬರುವವರೆಗೂ ಮಾಡಬೇಕು. ಸಮಪಾಲು ಮಿಶ್ರಣವನ್ನು ನಿಧಾನವಾಗಿ ಸುರಿದು, ಏರ್ ಬ್ಲೀಡ್ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಕ್ಯಾಪ್ ತೆಗೆದೇ ಐಡಲ್‌ನಲ್ಲಿ ಓಡಿಸಿ, ಬೈಕನ್ನು ಎಡಕ್ಕೂ ಬಲಕ್ಕೂ ವಾಲಿಸಿ. ಗುಳ್ಳೆ ನಿಂತು ಮಟ್ಟ ಸ್ಥಿರವಾದ ಮೇಲೆ ಕ್ಯಾಪ್ ಹಾಕಿ. ಮೊದಲ ಒಂದೆರಡು ಓಟದ ನಂತರ ಮಟ್ಟ ಸ್ವಲ್ಪ ಇಳಿದರೆ ಅದು ಸಿಕ್ಕಿಕೊಂಡಿದ್ದ ಗಾಳಿ ಹೊರಬಿದ್ದ ಲೆಕ್ಕ. ತಣ್ಣಗಾದ ಮೇಲೆ ತುಂಬಿಸಿ, ರಿಸರ್ವ್ ಟ್ಯಾಂಕಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಡಿ. ಆಮೇಲೂ ವಾರದಿಂದ ವಾರಕ್ಕೆ ಗೆರೆಯಿಂದ ಕೆಳಗಿಳಿಯುತ್ತಿದ್ದರೆ ಮತ್ತೆ ಪ್ರೆಷರ್ ಟೆಸ್ಟರ್ ಹಿಡಿಯಬೇಕು.

ಬಸಿದ ಹಳೆಯ ಕೂಲಂಟನ್ನು ಗ್ಯಾರೇಜಿನ ಮುಂದೆ ತೆರೆದ ಬಾಂಡ್ಲಿಯಲ್ಲಿ ಬಿಡುವುದು, ಚರಂಡಿಗೆ ಚೆಲ್ಲುವುದು ಎರಡೂ ಸಲ್ಲದು. ಸಿಹಿಯಾದ್ದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಟ್ಟು ಸಾಯಲು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷ ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವಾಗ ಹಳೆಯ ಇಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ.

ಇತಿ,
ಬೈಕ್ ಮೆಕ್ಯಾನಿಕ್, ಶಿವಮೊಗ್ಗ